ಸುಟ್ಟ ಕಾಗದ, ಉಳಿದ ಕಡತ: ತುರ್ತು ಪರಿಸ್ಥಿತಿಯಲ್ಲಿ ಮಲೆನಾಡಿನ ಮನೆಗಳು

1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಪಂಚಾಂಗದ ಲೆಕ್ಕದಲ್ಲಿ ಅದು ಆರಿದ್ರಾ ಮಳೆಯ ಕಾಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಗೆ ಹಾಕಿ ನಟ್ಟಿಗೆ ಗದ್ದೆ ಹದ ಮಾಡಿಕೊಳ್ಳುವ ದಿನಗಳು. ಮರುದಿನ ಬೆಳಿಗ್ಗೆ ಆಕಾಶವಾಣಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರೇ ಮಾತಾಡಿದರು, ಯಾರೂ ಗಾಬರಿಯಾಗಬೇಕಿಲ್ಲ ಎಂದರು. ಅದೇ ದಿನ ಬೆಂಗಳೂರಿಗೆ ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅವರನ್ನು ಪೊಲೀಸರು ಹಿಡಿದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಕೂತಿತ್ತು. ಮಲೆನಾಡಿಗೆ ನಿಜ ಸುದ್ದಿ ಬಂದದ್ದು ಬಸ್ಸಿಳಿದವರ ಬಾಯಲ್ಲಿ, ಅಡಿಕೆ ಮಂಡಿಯ ಜಗಲಿಯಲ್ಲಿ, ತಗ್ಗಿದ ದನಿಯಲ್ಲಿ. ಬಂದ ಮೇಲೆ ಕೆಲವು ಮನೆಗಳಲ್ಲಿ ಹಳೆಯ ಕಾಗದಪತ್ರಗಳು ಬಚ್ಚಲ ಒಲೆಗೆ ಹೋದವು.

ಆ ಇಪ್ಪತ್ತೊಂದು ತಿಂಗಳ ಬಗ್ಗೆ ನಮ್ಮಲ್ಲಿರುವ ಕಥೆಗಳು ಹೆಚ್ಚಾಗಿ ದೆಹಲಿಯವು, ಇಲ್ಲವೇ ಜೈಲಿನವು. ಜೈಲಿಗೆ ಹೋದವರು ನೆನಪು ಬರೆದರು, ಭಾಷಣ ಮಾಡಿದರು, ಕೆಲವರು ಮಂತ್ರಿಗಳೂ ಮುಖ್ಯಮಂತ್ರಿಗಳೂ ಪ್ರಧಾನಿಗಳೂ ಆದರು. ಅವರ ಹಿಂದೆ ಮನೆಯಲ್ಲಿ ಉಳಿದ ಹೆಂಗಸರು ಬರೆಯಲಿಲ್ಲ. ಗುರುತಿಲ್ಲದ ಒಬ್ಬರಿಗೆ ಒಂದು ರಾತ್ರಿ ಊಟ ಹಾಕಿ ಅಟ್ಟದ ಮೇಲೆ ಚಾಪೆ ಹಾಸಿಕೊಟ್ಟವರು ಬರೆಯಲಿಲ್ಲ. ಠಾಣೆಗೆ ಕರೆಸಿ ಕೂರಿಸಿದಾಗ ಹೆದರಿ ಒಂದು ಹೆಸರು ಬಿಟ್ಟುಕೊಟ್ಟವರಂತೂ ಬರೆಯುವ ಮಾತೇ ಇಲ್ಲ. ನನಗೆ ಮುಖ್ಯವಾಗಿ ಕಾಣುವುದು ಈ ಮೌನ. ಹೆದರಿಕೆಯೊಂದರಿಂದಲೇ ಅದು ಹುಟ್ಟಿದ್ದರೆ 1977ರ ಮಾರ್ಚ್ 21ರಂದು ತುರ್ತು ಪರಿಸ್ಥಿತಿ ರದ್ದಾದಾಗ ಕರಗಬೇಕಿತ್ತು. ಕರಗಲಿಲ್ಲ. ಯಾಕೆ ಕರಗಲಿಲ್ಲ ಎಂದು ಹುಡುಕುತ್ತ ಹೋದರೆ ಪೊಲೀಸ್ ಠಾಣೆಗಿಂತ ತಾಲ್ಲೂಕು ಕಚೇರಿಯ ಕಡೆಗೇ ದಾರಿ ತಿರುಗುತ್ತದೆ.

ಈ ಮೂರು ತಾಲ್ಲೂಕುಗಳ ಮೇಲೆ ಸರ್ಕಾರದ ಕಣ್ಣು 1975ರಲ್ಲಿ ಹೊಸದಾಗಿ ಬಿದ್ದದ್ದಲ್ಲ. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಭತ್ತ ಅಳೆಯುವಾಗ ಒಡೆಯರು ಬಳಸುತ್ತಿದ್ದ ದೊಡ್ಡ ಕೊಳಗದಿಂದ ಎದ್ದ ಜಗಳ ಅದು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ, ಶಾಂತವೇರಿ ಗೋಪಾಲಗೌಡರ ನಾಯಕತ್ವ, ಗದ್ದೆಗೆ ಇಳಿದು ಬಂಧನಕ್ಕೊಳಗಾದ ದೀವರ ಸಮುದಾಯದ ನೂರಾರು ಗಂಡಸರು ಮತ್ತು ಹೆಂಗಸರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನು ಸಾಗರದಲ್ಲೇ ಬಂಧಿಸಲಾಯಿತು. ಮರುವರ್ಷ ಸಾಗರ-ಹೊಸನಗರ ಕ್ಷೇತ್ರದಲ್ಲಿ ಗೋಪಾಲಗೌಡರು ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣರನ್ನು ಸೋಲಿಸಿ ಶಾಸಕರಾದರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆಯಲ್ಲಿ. 1942ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡವರು. ಅವರು 1972ರ ಜೂನ್‌ನಲ್ಲಿ ತೀರಿಕೊಂಡಾಗ ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ ಸಮಾಜವಾದಿ ಶಾಸಕರಾಗಿದ್ದರು. ಇಂಥ ನೆಲದಲ್ಲಿ ಯಾರ ಮನೆಯ ಜಗಲಿಯಲ್ಲಿ ಲೋಹಿಯಾ ಪುಸ್ತಕ ಇದೆ, ಯಾರ ಮನೆಗೆ ಬೆಂಗಳೂರಿನಿಂದ ಯಾರು ಬಂದು ಉಳಿಯುತ್ತಾರೆ ಎಂಬುದನ್ನು ಮಫ್ತಿ ಪೊಲೀಸರು ಹೊಸದಾಗಿ ಪತ್ತೆ ಮಾಡಬೇಕಿರಲಿಲ್ಲ.

ಪೇಟೆಗಳಲ್ಲಿ ಇನ್ನೊಂದು ಬಗೆಯ ಮನೆಗಳಿದ್ದವು. 1975ರ ಜುಲೈ 4ರಂದು ಆರೆಸ್ಸೆಸ್ ನಿಷೇಧವಾಯಿತು. ಅಂಗಡಿ, ವಕೀಲಿ, ಮಾಸ್ತರಿಕೆ ಮಾಡಿಕೊಂಡಿದ್ದ ಸಂಘದ ಮನೆಗಳು ಒಂದೇ ದಿನದಲ್ಲಿ ಕಾನೂನಿನ ಆಚೆಗೆ ಹೋದವು. ಸಮಾಜವಾದಿಗಳೂ ಸಂಘದವರೂ ಒಬ್ಬರನ್ನೊಬ್ಬರು ನಂಬದೆ ಬೆಳೆದವರು. ಜೈಲಿನಲ್ಲಿ ಒಂದೇ ಬ್ಯಾರಕ್ಕು, ಒಂದೇ ತಟ್ಟೆ. ಚನ್ನಗಿರಿಯ ಜೆ.ಎಚ್. ಪಟೇಲರು ಒಳಗೆ, ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಒಳಗೆ. ನವೆಂಬರ್ 14ರಿಂದ ವಿರೋಧ ಪಕ್ಷಗಳ ಲೋಕ ಸಂಘರ್ಷ ಸಮಿತಿಯ ಸತ್ಯಾಗ್ರಹ ದೇಶದೆಲ್ಲೆಡೆ ಶುರುವಾದಾಗ ಮಲೆನಾಡಿನಲ್ಲಿ ಅಡಿಕೆ ಕೊನೆಕೊಯ್ಲು. ರಾತ್ರಿ ಅಂಗಳದಲ್ಲಿ ಕೂತು ಅಡಿಕೆ ಸುಲಿಯುವಾಗ ಊರಿನ ಎಲ್ಲ ಸುದ್ದಿಯೂ ಒಂದೆಡೆ ಸೇರುವುದು ರೂಢಿ. ಆ ವರ್ಷ ಅಲ್ಲೂ ಯಾರ ಎದುರು ಏನು ಆಡಬೇಕು ಎಂದು ನೋಡಿ ಮಾತಾಡಬೇಕಾಯಿತು.

ಕಾನೂನು ಎರಡು ಬಗೆಯಲ್ಲಿ ಹಿಡಿಯುತ್ತಿತ್ತು, ಈ ವ್ಯತ್ಯಾಸ ಮುಂದೆ ಮನೆಯ ಚರಿತ್ರೆ ಹುಡುಕುವವರಿಗೆ ಬೇಕಾಗುತ್ತದೆ. ಒಂದು ಮೀಸಾ, 1971ರ ಆಂತರಿಕ ಭದ್ರತಾ ಕಾಯ್ದೆ. ಇದರಡಿ ಜಿಲ್ಲಾ ಮ್ಯಾಜಿಸ್ಟ್ರೇಟರು ಅಂದರೆ ಜಿಲ್ಲಾಧಿಕಾರಿಗಳು ಆದೇಶ ಮಾಡಿದರೆ ಸಾಕು, ವಿಚಾರಣೆಯಿಲ್ಲದೆ ಒಳಗಿಡಬಹುದು. 1975ರ ತಿದ್ದುಪಡಿಯ ನಂತರ ಬಂಧನದ ಕಾರಣವನ್ನು ಬಂಧಿತನಿಗೂ ಹೇಳಬೇಕಿರಲಿಲ್ಲ. ಇನ್ನೊಂದು ಡಿ.ಐ.ಆರ್., ಭಾರತ ರಕ್ಷಣಾ ನಿಯಮ. ಇದರಲ್ಲಿ ಮೊಕದ್ದಮೆ ಹೂಡಿ ಕೋರ್ಟಿಗೆ ಹಾಜರು ಮಾಡುತ್ತಿದ್ದರು. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಆಮೇಲೆ ವಿಚಾರಿಸಿದ ಷಾ ಆಯೋಗದ ಲೆಕ್ಕದಲ್ಲಿ ದೇಶದಲ್ಲಿ ಮೀಸಾ ಬಂಧಿತರು 34,988, ಡಿ.ಐ.ಆರ್. ಬಂಧಿತರು 75,818. ಕರ್ನಾಟಕದಲ್ಲಿ ಮೀಸಾ 487, ಡಿ.ಐ.ಆರ್. 4,015. ಮುಖ್ಯಮಂತ್ರಿ ದೇವರಾಜ ಅರಸರ ಕೈ ಉತ್ತರದ ರಾಜ್ಯಗಳಷ್ಟು ಭಾರವಾಗಿರಲಿಲ್ಲ ಎನ್ನುವವರು ಈ ಅಂಕಿಯನ್ನೇ ತೋರಿಸುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ನಾಲ್ಕೂವರೆ ಸಾವಿರ ಜನ ಎಂದರೆ ನಾಲ್ಕೂವರೆ ಸಾವಿರ ಮನೆ, ಆ ಮನೆಗಳ ನೆಂಟರಿಷ್ಟರು, ಬಂಧನವಾಗದಿದ್ದರೂ ಕಣ್ಗಾವಲಿನಲ್ಲಿ ಬದುಕಿದ ಇನ್ನಷ್ಟು ಮನೆ. ನ್ಯಾಯಾಲಯದ ಬಾಗಿಲೂ ಕ್ರಮೇಣ ಮುಚ್ಚಿತು. ಬಂಧಿತರ ಅರ್ಜಿ ಕೇಳಬಹುದು ಎಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಆಮೇಲೆ ಇಲ್ಲಿಯ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ, ನ್ಯಾಯಮೂರ್ತಿ ಎಂ. ಸದಾನಂದಸ್ವಾಮಿ ಗುವಾಹಟಿಗೂ ವರ್ಗವಾದರು. 1976ರ ಏಪ್ರಿಲ್ 28ರಂದು ಇದೇ ಪ್ರಶ್ನೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಪರ ತೀರ್ಪು ಕೊಟ್ಟರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ.

ಹಳ್ಳಿಯ ಮನೆಗೆ ಈ ತೀರ್ಪುಗಳಿಗಿಂತ ಹತ್ತಿರದ್ದು ಟಪಾಲು. 1898ರ ಅಂಚೆ ಕಾಯ್ದೆಯೂ 1885ರ ತಂತಿ ಕಾಯ್ದೆಯೂ ತುರ್ತಿನ ಹೊತ್ತಿನಲ್ಲಿ ಕಾಗದ ಒಡೆದು ನೋಡುವ, ಫೋನ್ ಕೇಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದ್ದವು. ಬ್ರಿಟಿಷರು ಬಿಟ್ಟುಹೋದ ಕಾಯ್ದೆ ಎಂದು ಸುಮ್ಮನಾಗುವಂತಿಲ್ಲ, ನಮ್ಮ ಸೀಮೆಯಲ್ಲಿ ಈ ಪದ್ಧತಿ ಅದಕ್ಕೂ ಹಳೆಯದು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರು ಅಂಚೆ ವ್ಯವಸ್ಥೆ ಕಟ್ಟಿದಾಗ, ಓಲೆ ಸಾಗಿಸುವವರೇ ಊರೂರಿನ ಗುಟ್ಟನ್ನೂ ಅರಮನೆಗೆ ಮುಟ್ಟಿಸಬೇಕಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು ಗೆದ್ದ ಮೇಲೆ ಕೆಳದಿಯ ಸೀಮೆಯೂ ಮೈಸೂರಿನ ಕೈಗೆ ಬಂತು. 1830ರ ನಗರ ದಂಗೆಯ ಹೊತ್ತಿಗೆ ಇಲ್ಲಿಯ ರೈತರಿಗೆ ಸರ್ಕಾರದ ಕಿವಿ ಎಷ್ಟು ಉದ್ದ ಎಂಬುದು ಚೆನ್ನಾಗಿ ಗೊತ್ತಿತ್ತು. 2023ರಲ್ಲಿ ಅಂಚೆಗೂ ದೂರಸಂಪರ್ಕಕ್ಕೂ ಹೊಸ ಕಾಯ್ದೆಗಳು ಬಂದವು. ತಡೆದು ನೋಡುವ ಅಧಿಕಾರ ಎರಡರಲ್ಲೂ ಇದೆ.

ಹಾಗಾಗಿ 1975–76ರ ಕಾಗದಗಳು ಮನೆಯಲ್ಲಿ ಸಿಕ್ಕರೆ ಅವನ್ನು ಬೇರೆ ಕಣ್ಣಿನಿಂದ ಓದಬೇಕು. ಜೈಲಿನಿಂದ ಬಂದ ಕಾಗದ ಸೆನ್ಸಾರ್ ದಾಟಿ ಬಂದದ್ದು. ಬರೆದವರಿಗೆ ಅದು ಗೊತ್ತಿತ್ತು, ಓದುವವರಿಗೂ ಗೊತ್ತಿತ್ತು. ಅಪ್ಪಯ್ಯ ಮಗನಿಗೆ ಬರೆದ ಕಾರ್ಡಿನಲ್ಲಿ ಅಡಿಕೆ ದರ, ಕೊಳೆರೋಗ, ಎಮ್ಮೆ ಕರು ಹಾಕಿದ್ದು, ತಂಗಿಯ ಮದುವೆ ಮಾತು ಇಷ್ಟೇ ಇದ್ದರೆ ಅವರಿಗೆ ಲೋಕದ ಚಿಂತೆ ಇರಲಿಲ್ಲ ಎಂದಲ್ಲ. ಆಡಲಾಗದ ಮಾತನ್ನು ಬಿಟ್ಟು ಉಳಿದದ್ದನ್ನೆಲ್ಲ ಒತ್ತಿ ತುಂಬಿದ್ದಾರೆ. ಮನೆಯ ಪತ್ರಗಳ ಕಟ್ಟಿನಲ್ಲಿ 1974ರವರೆಗೆ ತಪ್ಪದೆ ಬಂದ ಕಾಗದಗಳಿದ್ದು, ನಡುವೆ ಎರಡು ವರ್ಷ ಏನೂ ಇಲ್ಲದೆ, ಮತ್ತೆ 1977ರಿಂದ ಶುರುವಾದರೆ ಆ ಖಾಲಿ ಜಾಗವೂ ಒಂದು ದಾಖಲೆಯೇ. ಅಜ್ಜಯ್ಯನಿಗೆ ಆ ಎರಡು ವರ್ಷ ಯಾರೂ ಬರೆಯಲಿಲ್ಲವೋ, ಬರೆದದ್ದನ್ನು ಸುಟ್ಟರೋ ಎಂದು ಹೇಳಬಲ್ಲವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ.

ಗುಟ್ಟು ಕಾಪಾಡಿದವರಲ್ಲಿ ಮಲೆನಾಡಿನವರು ಮರೆಯಬಾರದ ಹೆಸರು ಸ್ನೇಹಲತಾ ರೆಡ್ಡಿಯವರದು. ಊರು ಬೇರೆ, ಮಾತೃಭಾಷೆ ಬೇರೆ. ಆದರೆ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ ಬರೆದ ‘ಸಂಸ್ಕಾರ’ವನ್ನು ಪಟ್ಟಾಭಿರಾಮ ರೆಡ್ಡಿ 1970ರಲ್ಲಿ ಸಿನಿಮಾ ಮಾಡಿದಾಗ ಚಂದ್ರಿಯಾದವರು ಅವರು. ಗಂಡ ಹೆಂಡತಿ ಇಬ್ಬರೂ ಲೋಹಿಯಾವಾದಿಗಳು, ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸರ ಗೆಳೆಯರು. ಜಾರ್ಜ್ ಭೂಗತರಾಗಿದ್ದಾಗ ಪೊಲೀಸರು ಅವರ ಸುಳಿವಿಗಾಗಿ ಮನೆಮನೆ ಹೊಕ್ಕರು. 1976ರ ಮೇ ಆರಂಭದಲ್ಲಿ ಬೆಂಗಳೂರಿನಲ್ಲಿ ಜಾರ್ಜ್ ಅವರ ತಮ್ಮ ಲಾರೆನ್ಸರನ್ನು ಹಿಡಿದು ಬಾಯಿ ಬಿಡಿಸಲು ಚಿತ್ರಹಿಂಸೆ ಕೊಟ್ಟರು. ತಾಯಿ ಆಲಿಸ್ ಫರ್ನಾಂಡಿಸ್ ಅದನ್ನೆಲ್ಲ ರಾಷ್ಟ್ರಪತಿಗೆ ಬರೆದರು. ಅದೇ ದಿನಗಳಲ್ಲಿ ಸ್ನೇಹಲತಾ ಅವರ ಬಂಧನವೂ ಆಯಿತು. ಜೂನ್ 10ರಂದು ಜಾರ್ಜ್ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದ ಮೇಲೂ ಅವರನ್ನು ಬಿಡಲಿಲ್ಲ. ಜಾರ್ಜ್ ಮತ್ತು ಸಂಗಡಿಗರ ಮೇಲೆ ಹೂಡಿದ ಬರೋಡಾ ಡೈನಮೈಟ್ ಮೊಕದ್ದಮೆಯ ಆರೋಪಪಟ್ಟಿಯಲ್ಲಿ ಸ್ನೇಹಲತಾ ಅವರ ಹೆಸರೇ ಇರಲಿಲ್ಲ, ಆದರೂ ಮೀಸಾ ಅಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಉಬ್ಬಸದೊಂದಿಗೆ ಎಂಟು ತಿಂಗಳು ಕಳೆದರು. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು. 20ರಂದು ತೀರಿಕೊಂಡರು. ಜೈಲಿನಲ್ಲಿ ಬರೆದುಕೊಂಡ ದಿನಚರಿ ಅದೇ ವರ್ಷ ಪುಸ್ತಕವಾಗಿ ಬಂತು.

ಅವರು ಬಾಯಿ ಬಿಡದೆ ಹೋದದ್ದರಿಂದ ಎಷ್ಟು ಮನೆ ಉಳಿಯಿತು ಎಂಬುದು ಆಗ ಯಾರಿಗೂ ತಿಳಿಯಲಿಲ್ಲ. ಮೂರೂವರೆ ದಶಕದ ನಂತರ, 2012ರಲ್ಲಿ ಬಂದ ಆತ್ಮಕಥನ ‘ಸುರಗಿ’ಯಲ್ಲಿ ಅನಂತಮೂರ್ತಿಯವರು ಸ್ನೇಹಲತಾ ಅವರ ಮೂಲಕ ಭೂಗತ ಜಾರ್ಜ್‌ರನ್ನು ಗುಟ್ಟಾಗಿ ಕಂಡದ್ದನ್ನು ಹೇಳಿಕೊಂಡರು. ಕನ್ನಡದ ದೊಡ್ಡ ಲೇಖಕರೊಬ್ಬರು, ಸಾರ್ವಜನಿಕವಾಗಿ ಎಲ್ಲ ವಿಷಯಕ್ಕೂ ಮಾತಾಡುತ್ತಿದ್ದವರು, ಈ ಒಂದು ಸಂಗತಿಯನ್ನು ಪೂರ್ತಿಯಾಗಿ ಬರೆಯಲು ಎಂಬತ್ತರ ಹತ್ತಿರ ಬರಬೇಕಾಯಿತು. ಗೋಪಾಲಗೌಡರ ಬದುಕಿನ ಎಳೆಗಳಿರುವ ‘ಅವಸ್ಥೆ’ ಕಾದಂಬರಿಯನ್ನು ಅವರು 1978ರಲ್ಲೇ ಪ್ರಕಟಿಸಿದ್ದರು. ಕಾದಂಬರಿಯಲ್ಲಿ ಹೇಳಲು ಬಂದದ್ದು ನೇರವಾಗಿ ಹೇಳಲು ಬರಲಿಲ್ಲ. ಅವರಿಗೇ ಹೀಗಾದರೆ, ಹೊಸನಗರದ ಒಂದು ಒಂಟಿ ಮನೆಯಲ್ಲಿ ಸೈಕ್ಲೋಸ್ಟೈಲ್ ಹಾಳೆಗಳ ಕಟ್ಟನ್ನು ಅಡಿಕೆ ಮೂಟೆಯ ನಡುವೆ ಇಟ್ಟು ಸಾಗಿಸಿದವನು ಮೊಮ್ಮಕ್ಕಳಿಗೆ ಹೇಳಲಿಲ್ಲ ಎಂದು ಬೇಸರಪಡುವುದರಲ್ಲಿ ಅರ್ಥವಿಲ್ಲ.

ಇಲ್ಲಿಯವರೆಗಿನದು ಧೈರ್ಯದ ಕಥೆ, ಹೇಳಲು ಸುಲಭ. ತೊಡಕು ಶುರುವಾಗುವುದು ಭೂಮಿಯಿಂದ.

ಕರ್ನಾಟಕದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದಿನಿಂದ ಗೇಣಿ ಜಮೀನೆಲ್ಲ ಸರ್ಕಾರದ ವಶ, ಉಳುವವನು ಫಾರಂ 7ರಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಪಡೆಯಬೇಕು. ಮಲೆನಾಡಿನ ಬಾಯಲ್ಲಿ ಇದು ‘ಡಿಕ್ಲರೇಶನ್ ಕೊಡುವುದು’. ವಿಚಾರಣೆಗೆ ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿ, ಜನರ ಮಾತಿನಲ್ಲಿ ಟ್ರಿಬ್ಯೂನಲ್. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆದೇಶದ ಮೇಲೆ ಮೇಲ್ಮನವಿ ಇರಲಿಲ್ಲ, ಹೈಕೋರ್ಟಿಗೆ ರಿಟ್ ಒಂದೇ ದಾರಿ. ಈ ಟ್ರಿಬ್ಯೂನಲ್ಲುಗಳು ಕೂತು ಕೆಲಸ ಶುರು ಮಾಡಿದ್ದು ಹೆಚ್ಚುಕಡಿಮೆ ತುರ್ತು ಪರಿಸ್ಥಿತಿಯ ತಿಂಗಳುಗಳಲ್ಲೇ. 1975ರ ಜುಲೈ 1ರಂದು ಪ್ರಧಾನಿಯ ಇಪ್ಪತ್ತು ಅಂಶಗಳ ಕಾರ್ಯಕ್ರಮ ಬಂತು. ಜೀತ ರದ್ದಾಯಿತು. ರಾಜ್ಯದಲ್ಲಿ ಋಣ ಪರಿಹಾರದ ಕಾನೂನು ಬಂದು, ಬಡ ರೈತರು ಅಡವಿಟ್ಟ ಸಾಮಾನು, ಒಡವೆಗಳನ್ನು ಸಾಹುಕಾರರು ಹಿಂದಕ್ಕೆ ಕೊಡಬೇಕಾಯಿತು.

ಕಾಗೋಡಿನಲ್ಲಿ 1951ರಲ್ಲಿ ಜೈಲಿಗೆ ಹೋದ ಗೇಣಿದಾರನ ಮನೆಯನ್ನು ಕಲ್ಪಿಸಿಕೊಳ್ಳಿ. ಸಮಾಜವಾದಿಗಳು ಅವನ ಮನೆಯ ದೇವರಿದ್ದಂತೆ. ಇಪ್ಪತ್ತನಾಲ್ಕು ವರ್ಷ ಅವನು ಕಾದದ್ದು ಯಾವ ಭೂಮಿಗೋ ಅದನ್ನು ಅವನ ಹೆಸರಿಗೆ ಮಾಡುತ್ತಿರುವುದು ಅದೇ ಸಮಾಜವಾದಿಗಳನ್ನು ಒಳಗೆ ಹಾಕಿದ ಸರ್ಕಾರ. ಟ್ರಿಬ್ಯೂನಲ್ಲಿನ ಸದಸ್ಯರು ಸರ್ಕಾರದ ನೇಮಕದವರು. ಊರಿಗೆ ಗುಟ್ಟಾಗಿ ಬಂದ ಹಳೆಯ ನಾಯಕನಿಗೆ ಊಟ ಹಾಕಿದ ಸುದ್ದಿ ಅವರ ಕಿವಿಗೆ ಬಿದ್ದರೆ? ಊಟ ಹಾಕದೆ ಕಳಿಸಿದರೆ ಮುಂದೆ ಮುಖ ತೋರಿಸುವುದು ಹೇಗೆ? ಎರಡರಲ್ಲಿ ಅವನು ಯಾವುದನ್ನು ಆರಿಸಿಕೊಂಡಿದ್ದರೂ ಅದು ಮನೆಯ ಗುಟ್ಟಾಗಿ ಉಳಿಯುವಂಥದ್ದೇ.

ಒಡೆಯರ ಮನೆಯಲ್ಲಿ ಬೇರೆ ಸಂಕಟ. 1974ರ ತಿದ್ದುಪಡಿ ವಿಧವೆಯರಿಗೂ ಅಪ್ರಾಪ್ತರಿಗೂ ಮೊದಲಿದ್ದ ವಿನಾಯಿತಿಯನ್ನು ತೆಗೆದುಹಾಕಿತ್ತು. ಗಂಡ ಸತ್ತ ಮೇಲೆ ಬರುವ ನಾಲ್ಕು ಖಂಡುಗ ಗೇಣಿಯಲ್ಲಿ ಮಕ್ಕಳನ್ನು ಸಾಕುತ್ತಿದ್ದ ಹೆಂಗಸು ಕೂಡ ಕಾನೂನಿನ ಕಣ್ಣಿಗೆ ಭೂಮಾಲೀಕಳೇ. ಅಂಥ ಮನೆಯ ಮಗ ಸಂಘದವನೋ ಸಮಾಜವಾದಿಯೋ ಆಗಿ ಜೈಲು ಸೇರಿದ್ದರೆ ತಾಯಿ ಟ್ರಿಬ್ಯೂನಲ್ ಮುಂದೆ ಒಬ್ಬಳೇ ನಿಲ್ಲಬೇಕು. ಇನ್ನು ಕೆಲವು ಕಡೆ ಅಣ್ಣನ ಜಮೀನಿಗೆ ತಮ್ಮನೇ ಗೇಣಿದಾರ ಎಂದು ಅರ್ಜಿ ಹಾಕಿದ್ದುಂಟು. ಗೇಣಿ ಬಹುಪಾಲು ಬಾಯಿಮಾತಿನದು, ಚೀಟಿ ಇರುತ್ತಿರಲಿಲ್ಲ. ಆದ್ದರಿಂದ ಎಲ್ಲವೂ ಅಕ್ಕಪಕ್ಕದವರ ಸಾಕ್ಷಿಯ ಮೇಲೆ ನಿಂತಿತ್ತು. ಇಂಥವರು ಉಳುತ್ತಿದ್ದರು, ನಾನು ಕಂಡಿದ್ದೇನೆ ಎಂದು ಒಬ್ಬರು ಹೇಳಬೇಕು. ಇಲ್ಲ, ಕೂಲಿಗೆ ಬರುತ್ತಿದ್ದರು ಎಂದು ಇನ್ನೊಬ್ಬರು ಹೇಳಬೇಕು. ಠಾಣೆಯಲ್ಲಿ ಗುಟ್ಟಾಗಿ ಹೇಳಿದ ಮಾತು ಬೇರೆ, ಇಲ್ಲಿ ಎದುರೆದುರು ನಿಂತು ಹೇಳಿದ ಮಾತು ಬೇರೆ. ಮಲೆನಾಡಿನ ಎಷ್ಟೋ ಮನೆಗಳು ಇಂದಿಗೂ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದಿರುವುದಕ್ಕೆ ಕಾರಣ ಎರಡನೆಯದೇ. ಊರಲ್ಲಿ ಕೇಳಿದರೆ ‘ಹಿಂದೆ ಏನೋ ಆಗಿತ್ತು’ ಎಂದು ಮಾತು ಮುಗಿಸುತ್ತಾರೆ.

1977ರ ಮಾರ್ಚ್ ಚುನಾವಣೆಯ ಫಲಿತಾಂಶ ಇದಕ್ಕೆಲ್ಲ ಸಾಕ್ಷಿ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು, ಕರ್ನಾಟಕದ 28ರಲ್ಲಿ 26 ಸ್ಥಾನ ಅದಕ್ಕೇ ಬಂತು. ಶಿವಮೊಗ್ಗದಿಂದ ಲೋಕಸಭೆಗೆ ಹೋದವರು 1952ರಲ್ಲಿ ಗೋಪಾಲಗೌಡರೆದುರು ಸೋತಿದ್ದ ಅದೇ ಬದರಿನಾರಾಯಣರು. ಮರುವರ್ಷ ನವೆಂಬರ್‌ನಲ್ಲಿ ತೀರ್ಥಹಳ್ಳಿಯ ಗಡಿಯಾಚೆಯ ಚಿಕ್ಕಮಗಳೂರು ಕ್ಷೇತ್ರ ಇಂದಿರಾ ಗಾಂಧಿಯವರನ್ನೇ ಗೆಲ್ಲಿಸಿ ಕಳಿಸಿತು. ಜೈಲಿನಿಂದ ಮರಳಿದವರಿಗೆ ಊರಿನಲ್ಲಿ ಹಾರ ಬೀಳದೆ ಹೋದ ಕಡೆಗಳಿದ್ದರೆ ಅದರ ಕಾರಣ ಈ ಅಂಕಿಗಳಲ್ಲಿದೆ. ಪತ್ರ ಒಡೆದು ಓದಿದ ಸರ್ಕಾರವೂ ಪಹಣಿಯಲ್ಲಿ ಹೆಸರು ಬರೆದ ಸರ್ಕಾರವೂ ಒಂದೇ ಆಗಿತ್ತು. ಕೃತಜ್ಞತೆಯನ್ನೂ ಸಿಟ್ಟನ್ನೂ ಒಂದೇ ಬಾಯಲ್ಲಿ ಹೇಳುವುದು ಆ ತಲೆಮಾರಿಗೆ ಆಗಲಿಲ್ಲ, ಎರಡನ್ನೂ ಬಿಟ್ಟರು. ಇದನ್ನು ಹೇಡಿತನ ಎಂದು ಕರೆಯುವವರನ್ನು ನಾನು ಒಪ್ಪುವುದಿಲ್ಲ.

ಇನ್ನೂ ಆಳಕ್ಕೆ ಹೂತಿಟ್ಟ ಎರಡು ಸಂಗತಿಗಳಿವೆ. ಒಂದು ಮುಚ್ಚಳಿಕೆ. ಇನ್ನು ಮುಂದೆ ರಾಜಕೀಯ ಚಟುವಟಿಕೆಯಲ್ಲಿ ಇರುವುದಿಲ್ಲ, ಸರ್ಕಾರದ ಕಾರ್ಯಕ್ರಮವನ್ನು ಬೆಂಬಲಿಸುತ್ತೇನೆ ಎಂದು ಬರೆದುಕೊಟ್ಟು ಹೊರಗೆ ಬಂದವರು ದೇಶದ ಎಲ್ಲ ಜೈಲುಗಳಲ್ಲೂ ಇದ್ದರು. ಹೆಂಡತಿ ಬಸುರಿ, ಅಪ್ಪ ಹಾಸಿಗೆ ಹಿಡಿದಿದ್ದಾರೆ, ತೋಟಕ್ಕೆ ಔಷಧಿ ಹೊಡೆಯುವವರಿಲ್ಲ, ಕೊಳೆ ಬಂದರೆ ವರ್ಷದ ಅನ್ನ ಹೋಯಿತು. ಹೀಗೆ ಸಹಿ ಹಾಕಿದವರು ಉಳಿದ ಬದುಕೆಲ್ಲ ಜೈಲಿನ ಮಾತು ಬಂದಾಗ ಎದ್ದುಹೋಗುತ್ತಿದ್ದರು. ಮಕ್ಕಳು ಅದನ್ನು ಸಂಕೋಚ ಎಂದುಕೊಂಡರು. ಇನ್ನೊಂದು ಆಪರೇಷನ್. 1976ರಲ್ಲಿ ಕುಟುಂಬ ಯೋಜನೆಯ ಗುರಿ ಮುಟ್ಟಿಸಲು ಶಾಲಾ ಮಾಸ್ತರರಿಗೂ ಗ್ರಾಮ ಲೆಕ್ಕಿಗರಿಗೂ ‘ಕೇಸು’ ಹಿಡಿದು ತರುವ ಹೊಣೆ ಬಿತ್ತು. ಮಕ್ಕಳಿಗೆ ಮಗ್ಗಿ ಕಲಿಸಿದ ಮಾಸ್ತರರೇ ಮನೆ ಬಾಗಿಲಿಗೆ ಬಂದು ಗಂಡಸನ್ನು ಕ್ಯಾಂಪಿಗೆ ಕರೆದೊಯ್ದದ್ದು ಆ ಮಾಸ್ತರರ ಮನೆಯಲ್ಲೂ ಗುಟ್ಟು, ಹೋದವನ ಮನೆಯಲ್ಲೂ ಗುಟ್ಟು. ಜೈಲಿನ ಬಗ್ಗೆ ಹತ್ತು ಪುಸ್ತಕವಿದ್ದರೆ ಈ ಬಗ್ಗೆ ನಮ್ಮ ಸೀಮೆಯಲ್ಲಿ ಒಂದು ಹಾಳೆಯೂ ಸರಿಯಾಗಿ ಬರೆದಿಲ್ಲ ಎಂಬುದು ನನಗೆ ನೋವಿನ ಸಂಗತಿ. ಗಾಯ ಮೈಯದ್ದಾದಾಗ ಮಲೆನಾಡು ಇನ್ನಷ್ಟು ಬಾಯಿ ಮುಚ್ಚುತ್ತದೆ.

ಹೀಗೆ ಕಲಿತ ಮೌನ ಮುಂದೆಯೂ ಬಳಕೆಗೆ ಬಂತು. ಈ ಶತಮಾನದ ಆರಂಭದಲ್ಲಿ ಪಶ್ಚಿಮ ಘಟ್ಟದಲ್ಲಿ ನಕ್ಸಲ್ ಚಟುವಟಿಕೆ ಶುರುವಾಗಿ, 2003ರ ನವೆಂಬರ್‌ನಲ್ಲಿ ಕಾರ್ಕಳದ ಈದುವಿನಲ್ಲಿ ಇಬ್ಬರು ಯುವತಿಯರೂ, 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಅವರೂ ಪೊಲೀಸರ ಗುಂಡಿಗೆ ಬಲಿಯಾದರು. ಆಗುಂಬೆಯ ಸುತ್ತಿನ ಕಾಡಂಚಿನ ಮನೆಗಳಿಗೆ ರಾತ್ರಿ ಒಬ್ಬರು, ಹಗಲು ಇನ್ನೊಬ್ಬರು ಬಂದು ಕೇಳುವ ಕಾಲ ಮತ್ತೆ ಬಂತು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಆರು ಮಂದಿ ನಕ್ಸಲರು ಶರಣಾದರು. ಆ ಇಪ್ಪತ್ತು ವರ್ಷಗಳಲ್ಲಿ ಯಾರ ಮನೆಯಲ್ಲಿ ಏನಾಯಿತು ಎಂಬುದನ್ನು ಆಯಾ ಮನೆಯವರು ಹೇಳಲು ಇನ್ನೂ ಎಷ್ಟು ವರ್ಷ ಬೇಕೋ.

ಇಂಥ ಮೌನವನ್ನು ಒಡೆಯಲು ಜರ್ಮನಿಯಲ್ಲಿ ಬೇರೆ ದಾರಿ ಹಿಡಿದರು. ಪೂರ್ವ ಜರ್ಮನಿಯ ಗುಪ್ತಪೊಲೀಸ್ ಸ್ಟಾಸಿ ಬಿಟ್ಟುಹೋದ ಕಡತಗಳನ್ನು ಸಾಲಾಗಿ ಇಟ್ಟರೆ 111 ಕಿಲೋಮೀಟರ್. 1991ರ ಕೊನೆಯಲ್ಲಿ ಕಾನೂನು ಮಾಡಿ, 1992ರ ಜನವರಿಯಿಂದ ಪ್ರತಿಯೊಬ್ಬರಿಗೂ ತಮ್ಮ ಕಡತ ಓದುವ ಹಕ್ಕು ಕೊಟ್ಟರು. ವೆರಾ ವೋಲೆನ್‌ಬರ್ಗರ್ ಎಂಬ ಹೋರಾಟಗಾರ್ತಿಗೆ ತನ್ನ ಬಗ್ಗೆ ವರದಿ ಕೊಡುತ್ತಿದ್ದವನು ಕಟ್ಟಿಕೊಂಡ ಗಂಡನೇ ಎಂದು ತಿಳಿದದ್ದು ಆ ಕಡತಗಳಿಂದ. ನಮ್ಮಲ್ಲಿ ಅಂಥ ಕಾನೂನು ಬರಲಿಲ್ಲ. 1977ರ ಮೇ ತಿಂಗಳಲ್ಲಿ ನೇಮಕವಾದ ನ್ಯಾಯಮೂರ್ತಿ ಜೆ.ಸಿ. ಷಾ ಅವರ ಆಯೋಗ 1978ರಲ್ಲಿ ಮೂರು ಕಂತಿನ ವರದಿ ಕೊಟ್ಟಿತು. 1980ರಲ್ಲಿ ಸರ್ಕಾರ ಬದಲಾದ ಮೇಲೆ ಅದರ ಪ್ರತಿಗಳೇ ಸಿಗದಂತಾದವು. ಹಿರಿಯ ಸಂಸದ ಇರಾ ಸೆಳಿಯನ್ ತಮ್ಮಲ್ಲಿದ್ದ ಪ್ರತಿಯನ್ನು 2010ರಲ್ಲಿ ಮತ್ತೆ ಅಚ್ಚು ಮಾಡಿಸಿದರು. ಮೇಲೆ ಕೊಟ್ಟ ಅಂಕಿಗಳು ಉಳಿದದ್ದು ಅಂಥವರ ಹಟದಿಂದ. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಮು ಗುಪ್ತಚರ ಸಂಸ್ಥೆಗಳನ್ನು ಹೊರಗಿಟ್ಟಿದೆ, ರಾಜ್ಯಗಳಿಗೂ ತಮ್ಮ ಸಂಸ್ಥೆಗಳನ್ನು ಹಾಗೆ ಹೊರಗಿಡುವ ಅಧಿಕಾರವಿದೆ. ಆದರೆ ಅದೇ ಕಲಮಿನಲ್ಲಿ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಕೊಡಬೇಕೆಂದೂ ಇದೆ. ಅದನ್ನು ಬಳಸಿ ಕೇಳಿದವರು ನಮ್ಮ ಕಡೆ ಕಡಿಮೆ.

ಅಜ್ಜಯ್ಯನ ಹೆಸರು ಹುಡುಕುವವರು ಮೊದಲು ಅವರನ್ನು ಯಾವುದರಲ್ಲಿ ಹಿಡಿದಿದ್ದರು ಎಂದು ತಿಳಿದುಕೊಳ್ಳಬೇಕು. ಮೀಸಾ ಆದರೆ ಆದೇಶ ಜಿಲ್ಲಾಧಿಕಾರಿ ಕಚೇರಿಯದು, ಪ್ರವೇಶ ಮತ್ತು ಬಿಡುಗಡೆಯ ತಾರೀಕು ಜೈಲಿನ ರಿಜಿಸ್ಟರಿನದು. ಡಿ.ಐ.ಆರ್. ಆದರೆ ಎಫ್‌ಐಆರ್ ಇರುತ್ತದೆ, ಮೊಕದ್ದಮೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಡೆದಿರುತ್ತದೆ. ಇವೆಲ್ಲ ಹಳೆಯದಾದಂತೆ ನಾಶವಾಗುವ ಜಾತಿಯ ಕಾಗದಗಳು. ಭೂ ನ್ಯಾಯಮಂಡಳಿಯ ಕಡತಗಳು ಹಾಗಲ್ಲ. ಜಮೀನಿನ ಹಕ್ಕು ಅವುಗಳ ಮೇಲೆ ನಿಂತಿರುವುದರಿಂದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅವನ್ನು ಕಾಪಾಡಲೇಬೇಕು. ಸರ್ವೆ ನಂಬರ್ ಕೊಟ್ಟು ನಕಲಿಗೆ ಅರ್ಜಿ ಹಾಕಬಹುದು. ಸರ್ಕಾರ ಜನರ ಮೇಲಿಟ್ಟ ಕಣ್ಣಿನ ದಾಖಲೆ ಅಳಿಸಿಹೋದರೂ ಜನರು ಸರ್ಕಾರದ ಮುಂದೆ ಒಬ್ಬರ ಬಗ್ಗೆ ಒಬ್ಬರು ಆಡಿದ ಮಾತು ಈ ಕಡತಗಳಲ್ಲಿ ಹೇಳಿಕೆಯ ರೂಪದಲ್ಲಿದೆ, ತಾರೀಕಿನೊಂದಿಗೆ, ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ. ಹೇಳಿಕೆಯ ತಾರೀಕನ್ನೂ ಮನೆಯವರು ನೆನಪಿಟ್ಟುಕೊಂಡಿರುವ ಬಂಧನದ ತಾರೀಕನ್ನೂ ಪಕ್ಕಪಕ್ಕ ಬರೆದುಕೊಂಡು ನೋಡಬೇಕು. ಮನೆಯ ಯಜಮಾನ ಒಳಗಿದ್ದ ವಾರಗಳಲ್ಲೇ ವಿಚಾರಣೆ ಮುಗಿದುಹೋಗಿತ್ತೇ, ಅವನ ಪರವಾಗಿ ಯಾರು ನಿಂತರು, ಯಾರು ಬರಲಿಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ.

ನಕಲು ಕೈಗೆ ಬಂದ ಮೇಲೆ ಮೊದಲು ಕೇಳಬೇಕಾದ್ದು ಅಜ್ಜಿಯನ್ನು. ಆಕೆಗೆ ಅಕ್ಷರ ಬಾರದಿದ್ದರೂ ಯಾವ ಸಾಕ್ಷಿ ಯಾರ ಒತ್ತಾಯಕ್ಕೆ ಏನು ಹೇಳಿದ, ಅವನಿಗೆ ಆಗ ಯಾರ ಸಾಲವಿತ್ತು, ಅವನ ಮನೆಯಲ್ಲಿ ಯಾರಿಗೆ ಹುಷಾರಿರಲಿಲ್ಲ ಎಂಬುದು ತಿಳಿದಿರುತ್ತದೆ. ಆಮೇಲೆ ಆ ಸಾಕ್ಷಿಯ ಮನೆಗೂ ಹೋಗಬೇಕು. ಅವನ ಮಗನೋ ಮೊಮ್ಮಗಳೋ ಅದೇ ಊರಿನಲ್ಲಿ ತೋಟ ಮಾಡಿಕೊಂಡಿರುತ್ತಾರೆ, ಅವರ ಮನೆಯ ಪೆಟ್ಟಿಗೆಯಲ್ಲೂ ಒಂದು ನಕಲು ಇರಬಹುದು, ಅವರ ಅಜ್ಜಿ ಹೇಳುವ ಕಾರಣವೇ ಬೇರೆ ಇರಬಹುದು. ಎರಡು ಮನೆಯವರೂ ಒಂದೇ ಜಗಲಿಯಲ್ಲಿ ಕೂತು ಎರಡು ನಕಲುಗಳನ್ನು ಓದಿದರೆ 1976ರಲ್ಲಿ ಆ ಊರಿನಲ್ಲಿ ನಡೆದದ್ದೇನು ಎಂದು ಬರೆಯಲು ಬೇಕಾದಷ್ಟು ಸಿಗುತ್ತದೆ.